ಮಳೆಗಾಲದಲ್ಲಿ ಕೋಳಿಯ ಉಸಿರು

ರಾತ್ರಿ ಎಂಟೂವರೆಯ ಸುಮಾರಿಗೆ, ಜಡಿಮಳೆಯು ಅರೆಗಳಿಗೆ ಬಿಡುವು ಕೊಟ್ಟು, ಸಿಲ್ವರ್ ಮರಗಳಿಂದ ಕಾಫಿಯ ಎಲೆಗಳ ಮೇಲೆ ಉದುರುವ ಹನಿಗಳ ಸದ್ದೊಂದೇ ತೋಟದಲ್ಲಿ ಉಳಿದಿರುವಾಗ, ದೀಪ ಹಿಡಿಯದೆ, ಕೆಮ್ಮದೆ, ಕಾಲಿಗೆ ಹತ್ತುವ ಉಂಬಳವನ್ನೂ ಅಷ್ಟು ಹೊತ್ತು ಕ್ಷಮಿಸಿ, ಕೋಳಿಗೂಡಿನ ಬಳಿ ಐದು ನಿಮಿಷ ಸುಮ್ಮನೆ ನಿಂತು ಬರುವುದು ನನ್ನ ಹಲವು ವರ್ಷಗಳ ಅಭ್ಯಾಸ. ನೋಡಿದವರಿಗೆ ಇದು ಕಳ್ಳನ ನಡೆಯಂತೆ ತೋರಬಹುದು. ನಮ್ಮ ನಾಯಿಗೂ ಮೊದಲ ವರ್ಷ ಹಾಗೆಯೇ ತೋರಿತ್ತು. ಆದರೆ ಕೋಳಿಯ ಶ್ವಾಸರೋಗವನ್ನು ಆರಂಭದಲ್ಲಿಯೇ ಹಿಡಿಯಬೇಕೆನ್ನುವವನಿಗೆ ಇದಕ್ಕಿಂತ ಸುಲಭವಾದ, ಕಾಸಿನ ಖರ್ಚಿಲ್ಲದ ಪರೀಕ್ಷೆ ಬೇರೊಂದಿಲ್ಲ. ಹಗಲಿನಲ್ಲಿ ಕೋಳಿ ತನ್ನ ಅಸ್ವಾಸ್ಥ್ಯವನ್ನು ಮರೆಮಾಚುತ್ತದೆ. ಗಿಡುಗನಿಗೂ ಮುಂಗುಸಿಗೂ ಆಹಾರವಾಗಿ ಹುಟ್ಟಿದ ಜಾತಿಗೆ ದೌರ್ಬಲ್ಯವನ್ನು ತೋರಗೊಡದಿರುವುದು ಸ್ವಭಾವಸಿದ್ಧವಾದ ವಿದ್ಯೆ. ಜೊತೆಯವು ಕೆದಕಿದರೆ ತಾನೂ ಕೆದಕುತ್ತದೆ, ಅಟ್ಟಿದರೆ ತಾನೂ ಓಡುತ್ತದೆ. ಕತ್ತಲಾಗಿ, ಕೋಲಿನ ಮೇಲೆ ಕೂತು, ರೆಕ್ಕೆ ಸಡಿಲಬಿಟ್ಟು ವಿಶ್ರಮಿಸುವಾಗ ಮಾತ್ರ ಅದರ ಉಸಿರು ಇದ್ದದ್ದನ್ನು ಇದ್ದಂತೆ ಹೇಳುತ್ತದೆ. ಆರೋಗ್ಯವಾಗಿರುವ ಗೂಡಿನಲ್ಲಿ ತುಪ್ಪುಳು ಸರಿಪಡಿಸಿಕೊಳ್ಳುವ ಸದ್ದು, ಜಾಗಕ್ಕಾಗಿ ಸಣ್ಣದೊಂದು ತಕರಾರು, ಇಷ್ಟೇ ಕೇಳಿಸತಕ್ಕದ್ದು. ಅದರ ನಡುವೆ ಒಣ ಕಡ್ಡಿ ಮುರಿದಂತೆ ‘ಟಿಕ್’ ಎಂಬ ಸೀನೋ, ಕೊಳವೆಯಿಂದ ನೀರಿಗೆ ಗಾಳಿ ಊದಿದಂತೆ ‘ಗೊರ್ ಗೊರ್’ ಎಂಬ ಶಬ್ದವೋ ಕಿವಿಗೆ ಬಿದ್ದರೆ, ಮರುದಿನ ಬೆಳಗಿನ ಕೆಲಸ ನಾವು ಎಣಿಸಿಕೊಂಡಂತೆ ಇರುವುದಿಲ್ಲ.

ಬಾಬಾಬುಡನ್‌ಗಿರಿಯ ಸಾಲಿನಿಂದ ಹಿಡಿದು ಆಲ್ದೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಸಂಸೆಗಳವರೆಗೆ ಹಬ್ಬಿದ ಈ ಕಾಫಿಯ ಸೀಮೆಯಲ್ಲಿ, ಸಾಹುಕಾರರ ಬಂಗಲೆಯ ಹಿತ್ತಲಿರಲಿ, ತೋಟದ ಆಳುಗಳ ಲೈನುಮನೆಯ ಜಗಲಿಯಿರಲಿ, ಹತ್ತು ಹದಿನೈದು ಊರುಕೋಳಿಗಳಿಲ್ಲದ ಮನೆ ಅಪರೂಪ. ನೆಂಟರು ಬಂದರೆ ಕಡುಬಿನ ಜೊತೆಗೆ ಸಾರಾಗುವುದೂ, ಹರಕೆಯ ದಿನ ದೈವದ ಮುಂದೆ ನಿಲ್ಲುವುದೂ, ಮಕ್ಕಳ ಶಾಲೆಯ ಖರ್ಚಿಗೆ ಸಂತೆಯಲ್ಲಿ ಕಾಸಾಗುವುದೂ ಅದೇ ಕೋಳಿ. ಇಂಥ ಮನೆಗಳಲ್ಲಿ ಆರಿದ್ರೆ ಹಿಡಿದ ಮೇಲೆ ಒಂದೊಂದೇ ಕೋಳಿ ಮಂಕಾಗಿ, ಮೂಗು ಸೋರಿ, ಬಾಯಿ ತೆರೆದು ಉಸಿರೆಳೆಯತೊಡಗಿದರೆ, ‘ಮಳೆಗೆ ಶೀತ ಆಗಿದೆ’ ಎಂಬ ಒಂದು ಮಾತಿನಲ್ಲಿ ಕಾರಣವನ್ನು ಮುಗಿಸಿ, ಗೂಡಿನ ಸಂದುಗೊಂದುಗಳಿಗೆಲ್ಲ ಗೋಣಿಚೀಲ ತುರುಕುವುದು ನಮ್ಮ ವಾಡಿಕೆ. ನನ್ನ ತಿಳಿವಳಿಕೆಯಲ್ಲಿ, ಈ ಬೆಟ್ಟಗಳ ಕೋಳಿಗೆ ಮಳೆಯಿಂದ ಆಗುವ ಕೆಡುಕಿಗಿಂತ ಮಳೆಗೆ ಹೆದರಿ ನಾವು ಮಾಡುವ ಈ ಉಪಚಾರದಿಂದ ಆಗುವ ಕೆಡುಕು ಹೆಚ್ಚಿನದು.

ಈ ಮಾತನ್ನು ನಾನು ತಪ್ಪು ಮಾಡಿಯೇ ಕಲಿತವನು. ಬಯಲುಸೀಮೆಯಿಂದ ಬಂದು ಕೊಟ್ಟಿಗೆಹಾರದ ಸಮೀಪದಲ್ಲಿ ಬಿಡಾರ ಹೂಡಿದ ಮೊದಲ ವರ್ಷ, ಪುನರ್ವಸು ಮಳೆ ಆರು ದಿನ ಎಡೆಬಿಡದೆ ಹೊಡೆಯಲು, ಹದಿನಾಲ್ಕು ಕೋಳಿಗಳು ಒದ್ದೆಮುದ್ದೆಯಾಗಿ ಸೂರಿನ ಕೆಳಗೆ ಒತ್ತೊತ್ತಾಗಿ ನಿಂತದ್ದನ್ನು ಕಂಡು ಕರುಣೆಯುಕ್ಕಿ, ಗೂಡಿನ ನಾಲ್ಕೂ ಬದಿಗೆ ನೀಲಿ ಟಾರ್ಪಾಲು ಬಿಗಿದು, ನೆಲಕ್ಕೆ ಕಾಫಿಯ ಹೊಟ್ಟನ್ನು ಗೇಣುದಪ್ಪ ಹರವಿ, ಜೀವಕಾರುಣ್ಯದ ಒಂದು ಮಹತ್ಕಾರ್ಯವನ್ನು ಮಾಡಿದವನಂತೆ ಬಂದು ಬಿಸಿ ಕಾಫಿ ಕುಡಿದೆನು. ಹತ್ತನೆಯ ದಿನಕ್ಕೆ ಮೂರು ಹೇಂಟೆಗಳ ಕಣ್ಣಿನ ಮೂಲೆಯಲ್ಲಿ ಸೋಪಿನ ನೊರೆಯಂಥ ಸಣ್ಣ ಗುಳ್ಳೆಗಳು ಕಾಣಿಸಿದವು. ಹನ್ನೆರಡನೆಯ ದಿನಕ್ಕೆ ಐದು ಕೋಳಿ ಗೊರಗುಟ್ಟುತ್ತಿದ್ದವು. ಕಾವಿಗಿಡಲು ಮೊಟ್ಟೆ ಕೇಳಿಕೊಂಡು ಬಂದ ಲೈನಿನ ಅಜ್ಜಿಯೊಬ್ಬರು ಗೂಡಿನ ಬಾಗಿಲಿಗೆ ತಲೆ ಬಗ್ಗಿಸಿದವರು, ಥಟ್ಟನೆ ಸೆರಗನ್ನು ಮೂಗಿಗೆ ಹಿಡಿದು ಹಿಂದೆ ಸರಿದರು. “ಅಯ್ಯಾ, ಮಳೇಲಿ ನೆಂದ್ರೆ ಕೋಳಿ ಮೈ ಕೊಡವ್ಕೊಂಡು ಹೋಗ್ತದೆ. ಉಸ್ರು ಕಟ್ಟಿದ್ರೆ ಎಲ್ಲಿಗ್ ಹೋಗ್ತದೆ ಹೇಳಿ?” ಎಂದರು. ಟಾರ್ಪಾಲಿನ ಎರಡು ಬದಿಯನ್ನು ಅವರೇ ಬಿಚ್ಚಿದರು. ನಾನು ಕೊಟ್ಟ ಮೊಟ್ಟೆಯನ್ನು ಮಾತ್ರ ಒಯ್ಯಲಿಲ್ಲ. ಅದರ ಕಾರಣವೂ ಸರಿಯಾದದ್ದೇ ಎಂಬುದು ನನಗೆ ಬಹುಕಾಲದ ಮೇಲೆ ತಿಳಿಯಿತು, ಮುಂದೆ ಹೇಳುತ್ತೇನೆ.

ಅಜ್ಜಿಯ ಮಾತಿಗೆ ಸಾಕ್ಷಿಯನ್ನು ತೋಟದಲ್ಲಿಯೇ ಕಾಣಬಹುದು. ಬೆಳಗಿನ ಜಾವ ಬೀಟೆಯ ಮರದ ಕಡೆಯಿಂದ ಕೂಗುವ ಕಾಡುಕೋಳಿ ಆಷಾಢದ ಮಳೆಯನ್ನೆಲ್ಲ ಕೊಂಬೆಯ ಮೇಲೆಯೇ ಕಳೆಯುತ್ತದೆ. ಅದಕ್ಕೆ ಸೂರಿಲ್ಲ, ಗೋಡೆಯಿಲ್ಲ, ಗಾಳಿಯಂತೂ ಬೇಕಾದಷ್ಟಿದೆ. ನಮ್ಮ ಮನೆಯ ಕೋಳಿ ಅದಕ್ಕೆ ದೂರದ ಬಂಧುವೇ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯೆಂದು ಹೇಳುವ ವಿಜ್ಞಾನಿಗಳೇ, ಅದರ ಹಳದಿ ಚರ್ಮ ಮಾತ್ರ ದಕ್ಷಿಣ ಭಾರತದ ಈ ಬೂದುಬಣ್ಣದ ಕಾಡುಕೋಳಿಯಿಂದ ಬಂದದ್ದೆಂದು ತೋರಿಸಿಕೊಟ್ಟಿದ್ದಾರೆ.

ಗಾಳಿಯ ವಿಷಯದಲ್ಲಿ ಕೋಳಿ ಏಕೆ ಇಷ್ಟು ಸೂಕ್ಷ್ಮವೆಂಬುದು ಅದರ ದೇಹರಚನೆಯನ್ನು ಅರಿತರೆ ತಾನೇ ಸ್ಪಷ್ಟವಾಗುತ್ತದೆ. ನಮ್ಮ ಶ್ವಾಸಕೋಶ ಉಬ್ಬಿ ಇಳಿಯುವ ಚೀಲ. ಕೋಳಿಯದು ಪಕ್ಕೆಲುಬುಗಳಿಗೆ ಅಂಟಿಕೊಂಡು, ಹೆಚ್ಚು ಕದಲದೆ ಇರುವ ಸಣ್ಣ ಅಂಗ. ತಿದಿಯೂದುವ ಕೆಲಸವನ್ನು ಮಾಡುವುದು ಕೊರಳಿನಿಂದ ಹೊಟ್ಟೆಯ ತಳದವರೆಗೆ ಹರಡಿದ ಒಂಬತ್ತು ಗಾಳಿಚೀಲಗಳು. ಇವುಗಳ ಕವಲು ರೆಕ್ಕೆಯ ಮೂಳೆಯೊಳಕ್ಕೂ ಹೊಕ್ಕಿರುತ್ತದೆ. ಒಳಗೆಳೆದುಕೊಳ್ಳುವಾಗಲೂ ಹೊರಬಿಡುವಾಗಲೂ ಗಾಳಿಯು ಶ್ವಾಸಕೋಶದಲ್ಲಿ ಒಂದೇ ದಿಕ್ಕಿಗೆ ಹರಿಯುವಂತೆ ಪ್ರಕೃತಿಯು ಏರ್ಪಡಿಸಿರುವ ಈ ಯಂತ್ರ, ಹಾರುವ ಜೀವಕ್ಕೆ ಒದಗಿದ ವರವೇ ಹೌದು. ಆದರೆ ಗಾಳಿಯೊಡನೆ ಬಂದ ಧೂಳು, ಬೂಷ್ಟು, ರೋಗಾಣುಗಳೂ ಅದೇ ದಾರಿಯಲ್ಲಿ ಮೈಯ ಮೂಲೆಮೂಲೆಗೆ ಹೋಗಬಲ್ಲವು. ಗಾಳಿಚೀಲಗಳ ಪೊರೆ ಬಹಳ ತೆಳ್ಳಗೆ, ರಕ್ತನಾಳಗಳು ಅಲ್ಲಿ ವಿರಳ. ಆದ್ದರಿಂದ ಒಮ್ಮೆ ಕೀವು ಕಟ್ಟಿತೆಂದರೆ ಮದ್ದು ಅಲ್ಲಿಗೆ ತಲುಪುವುದು ಪ್ರಯಾಸದ ಸಂಗತಿ. ಇದಕ್ಕೆಲ್ಲ ಕಾವಲಾಗಿ ಉಸಿರುನಾಳದ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿದ್ದು, ಅವು ಸದಾ ಬೀಸುತ್ತ ಕಸವನ್ನು ಗಂಟಲಿನ ಕಡೆಗೆ ಗುಡಿಸಿ ಹಾಕುತ್ತವೆ. ಒದ್ದೆಯಾದ ಹಿಕ್ಕೆಯಿಂದೇಳುವ ಅಮೋನಿಯ ಮೊದಲು ಸೋಲಿಸುವುದು ಈ ಕಾವಲುಗಾರರನ್ನೇ. ರೋಮಗಳು ಸ್ತಬ್ಧವಾದ ಮೇಲೆ, ಇತರ ವೇಳೆಯಲ್ಲಿ ಏನೂ ಮಾಡಲಾರದ ರೋಗಾಣು ಕೂಡ ಒಳಹೊಕ್ಕು ಸಂಸಾರ ಹೂಡುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ ಅಮೋನಿಯ ಸೇರಿದರೆ ಸಾಕು, ಕೋಳಿಯ ಉಸಿರುದಾರಿಗೆ ಹಾನಿಯಾಗುತ್ತದೆ. ಅಳೆಯುವುದಕ್ಕೆ ಯಂತ್ರ ಬೇಕಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವ ಮುನ್ನ ಮಂಡಿಯೂರಿ, ಕೋಳಿ ಕೂರುವಷ್ಟೇ ಎತ್ತರಕ್ಕೆ ಮುಖವನ್ನು ತಂದು ಒಮ್ಮೆ ಉಸಿರೆಳೆದುಕೊಳ್ಳಿರಿ. ಮೂಗು ಚುರುಗುಟ್ಟಿ ಕಣ್ಣಿನಲ್ಲಿ ನೀರಾಡಿದರೆ ಮಿತಿ ಮೀರಿದೆಯೆಂದು ಅರ್ಥ. ನಿಂತೇ ಮೂಸಿ ನೋಡುವವರಿಗೆ ಇದು ತಿಳಿಯದು.

ಹಾಗಾದರೆ ಗೂಡನ್ನು ಹೇಗೆ ಕಟ್ಟಬೇಕು? ನಮ್ಮಲ್ಲಿ ಮುಂಗಾರಿನ ಬಿರುಸು ಪಡುವಣ ಮತ್ತು ನೈಋತ್ಯದಿಂದ. ಆ ಎರಡು ಮಗ್ಗುಲನ್ನು ಹಲಗೆಯಿಂದಲೋ ತಗಡಿನಿಂದಲೋ ಭದ್ರವಾಗಿ ಮುಚ್ಚಿ, ಮೂಡಣಕ್ಕೂ ಬಡಗಣಕ್ಕೂ ಜಾಲರಿ ಹೊಡೆದು, ಸೂರನ್ನು ಮೂರಡಿಯಷ್ಟು ಮುಂದಕ್ಕೆ ಚಾಚಿಸಿದರೆ ಇರಚಲು ಒಳಬರುವುದಿಲ್ಲ. ಸೂರಿನ ಕೆಳಗೆ, ಕೋಳಿಯ ತಲೆಗಿಂತ ಮೇಲೆ, ಉದ್ದಕ್ಕೂ ನಾಲ್ಕು ಬೆರಳಗಲದ ತೆರಪನ್ನು ಎಂದೂ ಮುಚ್ಚಕೂಡದು. ಬಿಸಿಯೂ ತೇವವೂ ಆದ ಗಾಳಿ ಹೊರಟುಹೋಗುವುದು ಅಲ್ಲಿಂದಲೇ. ಮುಂಗುಸಿ, ಕಾಡುಬೆಕ್ಕುಗಳ ಭಯದಿಂದಲೇ ಜನ ಗೂಡನ್ನು ಪೆಟ್ಟಿಗೆಯಂತೆ ಮುಚ್ಚುವರೆಂಬುದನ್ನು ಬಲ್ಲೆನು. ಆ ತೆರಪಿಗೂ ಸಣ್ಣ ಕಣ್ಣಿನ ಜಾಲರಿ ಬಿಗಿದರೆ ಎರಡು ಭಯವೂ ತೀರುತ್ತದೆ. ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ, ಅಡಿಕೆ ದಬ್ಬೆಯನ್ನು ಬೆರಳು ಸಂದು ಬಿಟ್ಟು ಹಾಸಿದ ಗೂಡು ಮಲೆನಾಡಿಗೆ ಹೇಳಿ ಮಾಡಿಸಿದ್ದು. ಹಿಕ್ಕೆ ಕೆಳಗೆ ಬೀಳುತ್ತದೆ, ಕೆಳಗಿನದನ್ನು ವಾರಕ್ಕೆರಡು ಬಾರಿ ಎಳೆದು ಗೊಬ್ಬರದ ಗುಂಡಿಗೆ ಹಾಕಿದರೆ ಮುಗಿಯಿತು. ರಾತ್ರಿ ವಾಸಕ್ಕೆ ಕೋಳಿಯೊಂದಕ್ಕೆ ಎರಡು ಚದರಡಿ ಸಾಕು. ಮಳೆಯಿಂದ ಹಗಲೂ ಕೂಡಿಹಾಕುವಂತಿದ್ದರೆ ಮೂರು ನಾಲ್ಕು ಬೇಕು.

ನೆಲದ ಮೇಲೆಯೇ ಸಾಕುವವರು ಭತ್ತದ ಹೊಟ್ಟನ್ನು ಬೇಸಗೆಯಲ್ಲೇ ಒಣಗಿಸಿ ಕಟ್ಟಿಟ್ಟು, ಎರಡು ಮೂರು ಅಂಗುಲ ಹಾಸಿ, ದಿನಕ್ಕೊಮ್ಮೆ ಕೈಯಾಡಿಸಿ, ಒದ್ದೆಯಾದ ಭಾಗವನ್ನು ಅಂದಂದೇ ತೆಗೆಯತಕ್ಕದ್ದು. ಕಾಫಿಯ ಹೊಟ್ಟು ನಮ್ಮಲ್ಲಿ ಧಾರಾಳವಾಗಿ ಸಿಕ್ಕುವುದೇನೋ ನಿಜ; ಜುಲೈ ತಿಂಗಳ ತೇವಕ್ಕೆ ಅದು ನಾಲ್ಕೇ ದಿನದಲ್ಲಿ ಬೂಷ್ಟು ಹಿಡಿದದ್ದನ್ನು ಕಂಡ ಮೇಲೆ ನಾನು ಅದನ್ನು ಗೂಡಿಗೆ ಒಯ್ದಿಲ್ಲ. ಬೂಷ್ಟಿನ ಧೂಳು ಮರಿಗಳ ಶ್ವಾಸಕೋಶದಲ್ಲಿ ಬೇರೂರಿ ಸಾಸಿವೆಗಾತ್ರದ ಹಳದಿ ಗಂಟುಗಳಾಗುತ್ತದೆ. ಆ ಮರಿಗಳು ಸದ್ದೇ ಇಲ್ಲದೆ ಬಾಯಿ ತೆರೆದು ತೆರೆದು ಸಾಯುತ್ತವೆ. ಅದಕ್ಕೆ ಮದ್ದಿಲ್ಲ. ಬೂಷ್ಟು ಬಂದ ಜೋಳ, ಮುಗ್ಗಿದ ನುಚ್ಚು, ಇವನ್ನು ‘ಕೋಳಿಗೆ ತಾನೇ’ ಎಂದು ಸುರಿಯುವುದೂ ಇದೇ ಪಾಪದ ಇನ್ನೊಂದು ರೂಪ. ಗೂಡನ್ನು ಬಚ್ಚಲಿನ ಒಲೆಯ ಗೋಡೆಗೆ ಆನಿಸಿ ಕಟ್ಟುವ ಹಳೆಯ ಪದ್ಧತಿ ಬೆಚ್ಚನೆಯ ದೃಷ್ಟಿಯಿಂದ ಜಾಣತನದ್ದೇ, ಹಂಡೆಯ ಹೊಗೆ ಗೂಡಿನೊಳಕ್ಕೆ ತಿರುಗದಂತೆ ನೋಡಿಕೊಂಡರೆ.

ಇನ್ನು ರೋಗಗಳ ಮಾತು. ಉಸಿರು ಕೆಟ್ಟ ಕೋಳಿಗಳೆಲ್ಲ ದೂರದಿಂದ ಒಂದೇ ಬಗೆಯಾಗಿ ಕಾಣುತ್ತವೆ. ಹತ್ತಿರ ಹೋಗಿ, ಬೆಳಕಿಗೆ ಹಿಡಿದು, ಕೊಕ್ಕು ಬಿಡಿಸಿ ನೋಡಿದಾಗ ಬಗೆಬಗೆಯಾಗುತ್ತವೆ. ನನ್ನ ಗೂಡಿಗೆ ಬಂದದ್ದು ವೈದ್ಯರು ಸಿ.ಆರ್.ಡಿ. ಎಂದು ಕರೆಯುವ ದೀರ್ಘಕಾಲದ ಶ್ವಾಸರೋಗ. ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ರೋಗಾಣುವಿನಿಂದಾಗುವಂಥದು. ಕಣ್ಣಿನ ನೊರೆ, ರಾತ್ರಿಯ ಗೊರಗೊರ, ಮೂಗಿನ ಹೊಳ್ಳೆಗೆ ಮೆತ್ತಿದ ತೌಡು, ಇಳಿದ ಮೊಟ್ಟೆ, ಸೊರಗಿದ ಎದೆ ಇದರ ಚಹರೆ. ಕೋಳಿ ಬೇಗ ಸಾಯುವುದಿಲ್ಲ. ಆದರೆ ಗುಣವಾದಂತೆ ಕಂಡದ್ದೂ ಜೀವಮಾನವಿಡೀ ರೋಗಾಣುವನ್ನು ಹೊತ್ತೇ ಇರುತ್ತದೆ, ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೂ ಕೊಡುತ್ತದೆ. ಅಜ್ಜಿ ಮೊಟ್ಟೆ ಒಯ್ಯದಿದ್ದುದು ಇದಕ್ಕೇ. ಮೈಕೋಪ್ಲಾಸ್ಮಾದ ಹೆಸರನ್ನು ಅವರು ಕೇಳಿದ್ದಿಲ್ಲ. ‘ಗೊರಕೆಕೋಳಿಯ ಮೊಟ್ಟೆ ಕಾವಿಗೆ ಆಗದು’ ಎಂಬುದಷ್ಟೇ ಅವರ ಶಾಸ್ತ್ರ.

ಎರಡು ಮೂರು ದಿನಗಳಲ್ಲಿ ಗೂಡಿಗೆ ಗೂಡೇ ಮುಖ ಊದಿಸಿಕೊಂಡು, ಕಣ್ಣು ಮುಚ್ಚಿಹೋಗುವಷ್ಟು ಕೆನ್ನೆ ಬಾತು, ಮೂಗಿನಿಂದ ಕೊಳೆತ ನಾತ ಹೊಡೆದರೆ ಅದು ಕೊರೈಜಾ. ಮೊಟ್ಟೆಯ ಸಿಪ್ಪೆ ಸುಕ್ಕುಸುಕ್ಕಾಗಿ, ಒಡೆದಾಗ ಬಿಳಿಯ ಭಾಗ ನೀರಿನಂತೆ ಹರಿದರೆ ಸಾಂಕ್ರಾಮಿಕ ಬ್ರಾಂಕೈಟಿಸ್ ಎಂಬ ವೈರಸ್ ರೋಗವನ್ನು ಸಂಶಯಿಸಬೇಕು. ಕೊರಳನ್ನು ಮುಗಿಲಿಗೆ ಚಾಚಿ ಕೀಚುತ್ತ ಉಸಿರೆಳೆದು, ತಲೆ ಕೊಡವಿದಾಗ ಗೋಡೆಗೆ ರಕ್ತದ ಹನಿ ಸಿಡಿದರೆ ಅದು ಉಸಿರುನಾಳದ ಇನ್ನೊಂದು ವೈರಸ್ ಬಾಧೆ. ಸೊಳ್ಳೆಗಳಿಂದ ಹರಡುವ ಸಿಡುಬು ಜುಟ್ಟಿನ ಮೇಲೆ ಕಜ್ಜಿಯಾಗಿ ಎದ್ದರೆ ಎಲ್ಲರಿಗೂ ಗೊತ್ತಾಗುತ್ತದೆ, ಬಾಯೊಳಗೆ ಹಳದಿ ಪೊರೆಯಾಗಿ ಕಟ್ಟಿದಾಗ ಮಾತ್ರ ಉಬ್ಬಸವೆಂದು ಮೋಸಹೋಗುತ್ತೇವೆ. ಪೊರೆಯನ್ನು ಕಿತ್ತರೆ ರಕ್ತ ಬರುತ್ತದೆ, ಕೀಳಕೂಡದು. ಹಸಿರು ಸೊಪ್ಪನ್ನೇ ಕಾಣದೆ ತಿಂಗಳುಗಟ್ಟಲೆ ನುಚ್ಚು ತಿಂದ ಕೋಳಿಯ ಗಂಟಲಿನಲ್ಲಿ ಏಳುವ ಬಿಳಿಯ ಗುಳ್ಳೆ ಎ ಅನ್ನಾಂಗದ ಕೊರತೆಯದು. ನುಗ್ಗೆಸೊಪ್ಪೂ ಹಳದಿ ಮುಸುಕಿನ ಜೋಳವೂ ಅದಕ್ಕೆ ಔಷಧ. ಎರೆಹುಳು, ಗೊಂಡೆಹುಳುಗಳು ತುಂಬಿದ ನಮ್ಮ ತೋಟಗಳಲ್ಲಿ ಮೇಯುವ ಎಳೆಯ ಕೋಳಿಗಳು ಆಗಾಗ ಬಾಯಿ ಆಕಳಿಸುತ್ತ ತಲೆ ಕೊಡವುತ್ತಿದ್ದರೆ, ಉಸಿರುನಾಳದಲ್ಲಿ ಕಚ್ಚಿಕೊಂಡಿರುವ ಕೆಂಪು ಹುಳುವಿನ ಕಾಟವಿರಬಹುದು. ಇದಕ್ಕೆ ಶೀತದ ಮದ್ದು ಎಷ್ಟು ಕೊಟ್ಟರೂ ವ್ಯರ್ಥ, ವೈದ್ಯರು ಹೇಳಿದ ಜಂತಿನ ಔಷಧ ಬೇಕು.

ಆದರೆ ಇವೆಲ್ಲಕ್ಕೂ ಹಿರಿಯಣ್ಣ, ಮನೆಯ ಕೋಳಿಗಳನ್ನು ವಾರದೊಳಗೆ ಗುಡಿಸಿಹಾಕಬಲ್ಲದ್ದು, ಕೊಕ್ಕರೆ ರೋಗ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದಲ್ಲಿಯೂ ಕಾಣಿಸಿಕೊಂಡ ಈ ವೈರಸ್ ಬೇನೆ, ಒಂದೆರಡು ವರ್ಷಗಳಲ್ಲೇ ಕುಮಾವೂನ್ ಬೆಟ್ಟಗಳ ರಾಣಿಖೇತದಲ್ಲಿ ಗುರುತಿಸಲ್ಪಟ್ಟು, ನಮ್ಮ ದೇಶದಲ್ಲಿ ಆ ಚೆಲುವಾದ ಗಿರಿಧಾಮದ ಹೆಸರನ್ನೇ ಹೊತ್ತುಕೊಂಡಿತು. ಅದೇ ಕುಮಾವೂನಿನ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಸಿದ್ಧವಾದ ಲಸಿಕೆಯ ತಳಿಯೇ ಇಂದಿಗೂ ಆರ್2ಬಿ ಎಂಬ ಹೆಸರಿನಲ್ಲಿ ನಮ್ಮ ಕೋಳಿಗಳ ರೆಕ್ಕೆಯ ಕೆಳಗೆ ಚುಚ್ಚಲ್ಪಡುತ್ತಿದೆ. ಸೋಂಕು ತಗುಲಿದ ಐದಾರು ದಿನಕ್ಕೆ ಕೋಳಿ ಮೇವು ಬಿಟ್ಟು, ರೆಕ್ಕೆ ಇಳಿಬಿಟ್ಟು, ತೂಕಡಿಸುತ್ತದೆ. ಬಾಯಿ ತೆರೆದು ಉಸಿರಾಡುತ್ತದೆ. ಹಸಿರುಮಿಶ್ರಿತ ನೀರುಹಿಕ್ಕೆ ಹಾಕುತ್ತದೆ. ಸತ್ತುಳಿದವುಗಳ ಕತ್ತು ತಿರುಚಿ, ಕಾಳನ್ನು ಗುರಿಯಿಟ್ಟು ಕುಕ್ಕಿದರೂ ಕೊಕ್ಕು ಪಕ್ಕಕ್ಕೆ ಬೀಳುತ್ತದೆ. ಉಸಿರಿನ ತೊಂದರೆಯ ಜೊತೆಗೆ ಹಸಿರು ಹಿಕ್ಕೆಯೂ ಕತ್ತಿನ ತಿರುಚೂ ಕೂಡಿಕೊಂಡವೆಂದರೆ ಇದೇ ಎಂದು ಬಹುಮಟ್ಟಿಗೆ ಹೇಳಬಹುದು. ಲಸಿಕೆ ಹಾಕದ ಗೂಡಿನಲ್ಲಿ ಒಂದೂ ಉಳಿಯದೆ ಹೋಗುವುದುಂಟು. ಬಂದ ಮೇಲೆ ಇದಕ್ಕೆ ಔಷಧವಿಲ್ಲ.

ಲಸಿಕೆ ಉಂಟು, ದುಬಾರಿಯೂ ಅಲ್ಲ. ಆದರೂ ಬೆಟ್ಟದ ಮನೆಗಳಿಗೆ ಅದು ತಲುಪದಿರುವುದರ ಕಾರಣ ವಿಚಿತ್ರವಾದದ್ದು. ಸೀಸೆಗಳು ಬರುವುದು ನೂರು, ಇನ್ನೂರು, ಅದಕ್ಕೂ ಮಿಗಿಲಾದ ಕೋಳಿಗಳ ಲೆಕ್ಕಕ್ಕೆ, ನಮ್ಮಲ್ಲಿರುವುದು ಹದಿನೈದು. ಒಡೆದು ಬೆರೆಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಸಬೇಕು, ನಾಳೆಗೆ ಇಡುವಂತಿಲ್ಲ. ಹೀಗಾಗಿ ‘ನಮ್ಮ ನಾಲ್ಕು ಕೋಳಿಗೆ ಯಾರು ತರುತ್ತಾರೆ’ ಎಂದು ಪ್ರತಿಯೊಬ್ಬನೂ ಬಿಡುತ್ತಾನೆ, ಪ್ರತಿಯೊಬ್ಬನ ನಾಲ್ಕೂ ಸಾಯುತ್ತವೆ. ನಮ್ಮ ಲೈನಿನಲ್ಲಿ ನಾವು ಕಂಡುಕೊಂಡ ಉಪಾಯ ಸರಳವಾದದ್ದು. ಕಾಫಿಗೆ ಹೂಮಳೆ ಬಿದ್ದು, ಅದರ ಬೆನ್ನಿಗೆ ಬರುವ ಬ್ಯಾಕಿಂಗ್ ಮಳೆಯೂ ಆಗಿ, ಮುಂಗಾರು ಇನ್ನೂ ದೂರವಿರುವ ಏಪ್ರಿಲ್ ಕೊನೆಯ ವಾರದ ಒಂದು ದಿನವನ್ನು ಗೊತ್ತುಮಾಡಿಕೊಂಡು, ಅದಕ್ಕೆ ಒಂದು ವಾರ ಮುಂಚೆ ಎಲ್ಲ ಮನೆಯ ಕೋಳಿಗಳಿಗೂ ಜಂತಿನ ಔಷಧ ಕೊಟ್ಟು, ಆ ದಿನ ಕೋಳಿಗಳನ್ನು ಹೊರಬಿಡದೆ ಬುಟ್ಟಿಯಲ್ಲೇ ಮುಚ್ಚಿಟ್ಟಿರುತ್ತೇವೆ. ಒಬ್ಬರು ನಸುಕಿನಲ್ಲೇ ಹೊರಟು, ಐಸು ತುಂಬಿದ ಥರ್ಮಾಸಿನಲ್ಲಿ ಸೀಸೆಯನ್ನು ತರುತ್ತಾರೆ. 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೀತವನ್ನು ಬಿಟ್ಟು ಬಂದ ಲಸಿಕೆ ಬರಿಯ ನೀರು. ಅಂಗಿಯ ಜೇಬಿನಲ್ಲಿಟ್ಟು ಬಸ್ಸಿನಲ್ಲಿ ತಂದದ್ದನ್ನು ಹಾಕಿಸಿ, ಕೋಳಿ ಸತ್ತ ಮೇಲೆ ಲಸಿಕೆಯನ್ನು ಬೈದವರನ್ನು ನಾನು ಬಲ್ಲೆ. ಒಂದು ವಾರದ ಮರಿಗೆ ಲಸೋಟ ಅಥವಾ ಎಫ್1 ಲಸಿಕೆಯ ಒಂದು ಹನಿಯನ್ನು ಕಣ್ಣಿಗೋ ಮೂಗಿಗೋ ಬಿಟ್ಟು, ಹನಿ ಒಳಸೇರುವವರೆಗೆ ಎರಡು ಕ್ಷಣ ಹಿಡಿದುಕೊಳ್ಳಬೇಕು. ನಾಲ್ಕೈದು ವಾರಕ್ಕೆ ಇನ್ನೊಮ್ಮೆ. ಎಂಟರಿಂದ ಹತ್ತು ವಾರದೊಳಗೆ ಆರ್2ಬಿ ಚುಚ್ಚುಮದ್ದು, ಅರ್ಧ ಮಿ.ಲೀ.ನಷ್ಟು, ಚರ್ಮದ ಕೆಳಗೆ. ಆಮೇಲೆ ಮುಂದಿನದು ಯಾವಾಗ ಎಂಬುದನ್ನು ವೈದ್ಯರು ಹೇಳುತ್ತಾರೆ. ಆಗಲೇ ಮಂಕಾಗಿರುವ ಕೋಳಿಗೆ ಚುಚ್ಚಕೂಡದು. ಹನಿ ಹಾಕಿದ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಮನುಷ್ಯನ ಕಣ್ಣೂ ಎರಡು ದಿನ ಕೆಂಪಾಗುತ್ತದೆ, ಸೋಪಿನಿಂದ ತೊಳೆಯಿರಿ.

ಲಸಿಕೆಗೂ ಸಲಹೆಗೂ ಹೋಬಳಿಯ ಪಶು ಆಸ್ಪತ್ರೆಯೇ ಮೊದಲ ಬಾಗಿಲು. ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಕೇಳಬಹುದು. ಸಂಚಾರಿ ಪಶುಚಿಕಿತ್ಸೆಗೆ 1962 ಸಂಖ್ಯೆಗೆ ಕರೆ ಮಾಡಬಹುದು. ನಮ್ಮ ರಾಜ್ಯದಲ್ಲಿ ಲಸಿಕೆ ತಯಾರಿಸುವ ಬೆಂಗಳೂರಿನ ಹೆಬ್ಬಾಳದ ಸಂಸ್ಥೆ 1925ರಲ್ಲಿ ಮೈಸೂರು ಸೀರಂ ಸಂಸ್ಥೆಯೆಂದು ಆರಂಭವಾದದ್ದು. ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಶಾಲೆ ಶುರುವಾದದ್ದೂ ಅದೇ ವರ್ಷ. ಕಾಫಿಯ ಗಿಡಕ್ಕೆ ತುಕ್ಕುರೋಗ ಬಂದರೆ ಬಾಳೆಹೊನ್ನೂರಿಗೆ ಎಲೆ ಹಿಡಿದುಕೊಂಡು ಓಡುವ ನಾವು, ಕೋಳಿ ಸತ್ತಾಗ ಮಾತ್ರ ಹಳ್ಳಕ್ಕೆ ಎಸೆದು ಬರುವುದೇಕೋ ತಿಳಿಯದು. ಹೆಬ್ಬಾಳದಲ್ಲೇ ರೂಪುಗೊಂಡ ಗಿರಿರಾಜ ತಳಿಯ ಮರಿಗಳನ್ನು ತಂದು ಸಾಕುವವರು ಈಗ ಹೆಚ್ಚು. ಕೊಳ್ಳುವಾಗಲೇ ಯಾವ ಲಸಿಕೆ, ಯಾವ ದಿನ ಆಗಿದೆಯೆಂದು ಕೇಳಿ ಬರೆದಿಟ್ಟುಕೊಳ್ಳಬೇಕು.

ಔಷಧದಂಗಡಿಯ ಹಳದಿ ಪುಡಿಯ ಪೊಟ್ಟಣದ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಕೋಳಿ ಸೀನಿತೆಂದರೆ ಒಂದು ಚಿಟಿಕೆ ಆಂಟಿಬಯಾಟಿಕ್ಕನ್ನು ನೀರಿಗೆ ಕದಡಿ, ಎರಡು ದಿನ ಕೊಟ್ಟು, ಚೇತರಿಸಿದಂತೆ ಕಂಡಕೂಡಲೇ ನಿಲ್ಲಿಸುವ ಪರಿಪಾಠ ಎಲ್ಲೆಡೆಯೂ ಇದೆ. ವೈರಸ್ಸಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ಮೈಕೋಪ್ಲಾಸ್ಮಾಕ್ಕೆ ಕೋಶದ ಗೋಡೆಯೇ ಇಲ್ಲವಾದ್ದರಿಂದ, ಗೋಡೆಯನ್ನು ಒಡೆದು ಕೊಲ್ಲುವ ಪೆನ್ಸಿಲಿನ್ ಅದಕ್ಕೆ ತಟ್ಟುವುದೇ ಇಲ್ಲ, ಟೈಲೋಸಿನ್‌ನಂಥವು ಬೇಕು. ಕೊರೈಜಾಕ್ಕೆ ಸಲ್ಫಾ ಜಾತಿಯ ಮದ್ದು. ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ಕೋಳಿಯನ್ನು ಕಣ್ಣಾರೆ ಕಂಡ ವೈದ್ಯರೇ ಹೇಳತಕ್ಕದ್ದು. ಮದ್ದು ಕೊಟ್ಟ ದಿನಗಳಲ್ಲೂ ಅನಂತರ ಅವರು ಹೇಳಿದಷ್ಟು ದಿನವೂ ಮೊಟ್ಟೆಯನ್ನು ತಿನ್ನದಿರುವುದು ನಮ್ಮ ಹಿತಕ್ಕೇ. ಮನುಷ್ಯರಿಗೆ ಕೊನೆಯ ಆಸರೆಯಾಗಿರುವ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿಗಳಿಗೆ ಬಳಸದಂತೆ ಸರ್ಕಾರ 2019ರಲ್ಲಿ ನಿಷೇಧಿಸಬೇಕಾಗಿ ಬಂದದ್ದು ಔಷಧದ ಇಂಥ ಮಿತಿಮೀರಿದ ಬಳಕೆಯಿಂದಲೇ. ಬೆಳ್ಳುಳ್ಳಿ, ಅರಿಸಿನ, ತುಳಸಿ, ತೋಟದ ಕಾಳುಮೆಣಸು ಅರೆದು ಉಂಡೆ ಮಾಡಿ ನುಂಗಿಸುವವರನ್ನು ಕಂಡು ನಾನು ನಗುವುದಿಲ್ಲ, ಆ ಮದ್ದನ್ನು ನಂಬುವುದೂ ಇಲ್ಲ. ಉಬ್ಬಸವಿರುವ ಕೋಳಿಯ ಗಂಟಲಿಗೆ ಬಲವಂತವಾಗಿ ಏನನ್ನು ತುರುಕಿದರೂ ಅದು ಉಸಿರುದಾರಿಗೆ ಹೋಗುವ ಅಪಾಯ ದೊಡ್ಡದು. ಕೊಡಲೇಬೇಕೆನಿಸಿದರೆ ಮೆತ್ತಗಿನ ಅನ್ನದಲ್ಲಿ ಕಲಸಿ ಮುಂದಿಡಿ, ತಿಂದರೆ ತಿನ್ನಲಿ.

ಶುಶ್ರೂಷೆಯೆಂಬುದು ಬೇರೆಯೇ. ಗೊರಗೊರ ಕೇಳಿದ ಮರುದಿನ ಬೆಳಗ್ಗೆ ಆ ಕೋಳಿಯನ್ನು ಹಿಡಿದು, ಇತರ ಕೋಳಿಗಳಿಂದ ಇಪ್ಪತ್ತು ಮೂವತ್ತು ಹೆಜ್ಜೆ ಆಚೆ, ಅವುಗಳ ಕಡೆಗೆ ಗಾಳಿ ಬೀಸದ ಮಗ್ಗುಲಲ್ಲಿ, ಬಿದಿರಬುಟ್ಟಿಯಲ್ಲೋ ಜಾಲರಿಯ ಪೆಟ್ಟಿಗೆಯಲ್ಲೋ ಇರಿಸಬೇಕು. ಕೋಳಿಯ ಮೈಶಾಖ ಸಹಜವಾಗಿಯೇ 41 ಡಿಗ್ರಿಯಷ್ಟಿರುವುದರಿಂದ ಬೇನೆಬಿದ್ದದ್ದಕ್ಕೆ ಬೆಚ್ಚಗಿನ ಜಾಗ ಬೇಕೇ ಬೇಕು. ಒಂದು ಮೂಲೆಗೆ ಬಲ್ಬು ಇಳಿಬಿಟ್ಟು, ಇನ್ನೊಂದು ಮೂಲೆಯನ್ನು ತಂಪಾಗಿ ಬಿಟ್ಟರೆ ತನಗೆ ಬೇಕಾದೆಡೆ ಅದೇ ಹೋಗಿ ಕೂರುತ್ತದೆ. ಮುಚ್ಚಿಹೋದ ಕಣ್ಣು ಮೂಗುಗಳನ್ನು ಉಪ್ಪು ಬೆರೆಸಿದ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ದಿನಕ್ಕೆರಡು ಬಾರಿ ಒರಸಿ, ಆ ಹತ್ತಿಯನ್ನು ಒಲೆಗೆ ಹಾಕಬೇಕು. ಕಣ್ಣು ಮುಚ್ಚಿ, ಮೂಗು ಕಟ್ಟಿದ ಕೋಳಿ ಊಟವನ್ನೇ ಬಿಡುತ್ತದೆ. ಎಷ್ಟೋ ಕೋಳಿಗಳು ರೋಗದಿಂದಲ್ಲ, ಹಸಿವು ನೀರಡಿಕೆಗಳಿಂದ ಸಾಯುತ್ತವೆ. ಮೊದಲು ಆರೋಗ್ಯದ ಕೋಳಿಗಳಿಗೆ ಮೇವು ನೀರು, ಕಡೆಯಲ್ಲಿ ರೋಗಿಯದು. ಆಮೇಲೆ ಕೈಕಾಲು ತೊಳೆದು, ಮೆಟ್ಟು ಬದಲಿಸುವುದು. ಈ ಕ್ರಮ ತಪ್ಪಿದರೆ ಬೇರೆ ಇಟ್ಟೂ ಫಲವಿಲ್ಲ.

ಸತ್ತದ್ದನ್ನು ಹಳ್ಳಕ್ಕೆ ಎಸೆಯುವ ವಿಷಯ ಆಗಲೇ ಬಂತು. ನಮ್ಮ ಹಳ್ಳಗಳು ಎಲ್ಲಿಗೂ ಹೋಗದೆ ಇಂಗುವಂಥವಲ್ಲ. ಕಳಸದ ಕಡೆಯವು ಭದ್ರೆಗೂ ಮೂಡಿಗೆರೆಯ ಕಡೆಯವು ಹೇಮಾವತಿಗೂ ಸೇರಿ, ಕೆಳಗಿನ ಲೈನಿನವರ ಕೋಳಿಗಳು ಕುಡಿಯುವ ನೀರೂ ಅದೇ ಆಗಿರುತ್ತದೆ. ಮೂರಡಿ ಗುಂಡಿ ತೆಗೆದು, ಸುಣ್ಣ ಸುರಿದು, ನಾಯಿ ಕೆದರದಂತೆ ಮೇಲೆ ಕಲ್ಲಿಡಬೇಕು. ಒಂದು ಸತ್ತಿದ್ದರೆ, ಅದನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಐಸಿನ ಮೇಲಿಟ್ಟು, ಅಂದೇ ಪಶು ಆಸ್ಪತ್ರೆಗೆ ಒಯ್ದರೆ ಉಳಿದವುಗಳ ಜೀವಕ್ಕೆ ದಾರಿ ಸಿಕ್ಕೀತು. ಒಂದೇ ಸಲಕ್ಕೆ ಹಲವು ಸತ್ತು, ಜುಟ್ಟು ನೀಲಿಗಟ್ಟಿ, ಮುಖ ಬಾತಿದ್ದರೆ ಮಾತ್ರ ಮುಟ್ಟಲೂ ಬೇಡಿ, ಕೊಯ್ಯಲೂ ಬೇಡಿ, ಸಾರಿಗೂ ಹಾಕಬೇಡಿ. ಫೋನು ಮಾಡಿ ವೈದ್ಯರನ್ನೇ ಕರೆಸಿರಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಈ ದೇಶಕ್ಕೆ ಕಾಲಿಟ್ಟ ಹಕ್ಕಿಜ್ವರ, 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟಕ್ಕೂ 2020ರಲ್ಲಿ ಮೈಸೂರಿಗೂ ಬಂದಿತ್ತು. ಅದನ್ನು ಕೊಕ್ಕರೆ ರೋಗದಿಂದ ಬೇರ್ಪಡಿಸಿ ಹೇಳುವುದು ಬರಿಗಣ್ಣಿಗೆ ಸಾಧ್ಯವಿಲ್ಲ.

ರೋಗ ಗೂಡಿಗೆ ಬರುವುದು ಬಹುಪಾಲು ನಡೆದುಕೊಂಡಲ್ಲ, ಸಂತೆಯ ಚೀಲದಲ್ಲಿ. ಮಾರಾಟವಾಗದೆ ಮನೆಗೆ ಮರಳಿದ ನಮ್ಮದೇ ಹುಂಜ, ಕೋಳಿಅಂಕಕ್ಕೆ ಹೋಗಿ ಗೆದ್ದು ಬಂದದ್ದು, ಹರಕೆಗೆಂದು ಅಗ್ಗಕ್ಕೆ ತಂದು ನಾಲ್ಕು ದಿನ ಕಟ್ಟಿಹಾಕಿದ್ದು, ಇವು ನೂರಾರು ಕೋಳಿಗಳ ನಡುವೆ ಉಸಿರಾಡಿ ಬಂದವು. ಇಂಥದನ್ನು ಮೂರು ವಾರ ಬೇರೆ ಇಟ್ಟು, ರಾತ್ರಿ ಅದರ ಬುಟ್ಟಿಗೂ ಕಿವಿಗೊಟ್ಟು ಬರಬೇಕು. ಇಪ್ಪತ್ತೆರಡನೆಯ ದಿನ, ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ, ಕತ್ತಲಾದ ಅನಂತರ ಮೆಲ್ಲಗೆ ಒಯ್ದು ಕೋಲಿನ ತುದಿಯಲ್ಲಿ ಕೂರಿಸಿದರೆ, ಬೆಳಗಾಗುವಷ್ಟರಲ್ಲಿ ಅರ್ಧ ಪರಿಚಯವಾಗಿರುತ್ತದೆ. ಉಳಿದರ್ಧಕ್ಕಾಗಿ ಹಳೆಯ ಹೇಂಟೆಗಳು ಎರಡು ದಿನ ಅದರ ಜುಟ್ಟು ಕುಕ್ಕುತ್ತವೆ. ಅದನ್ನು ಕಂಡು ಹೆದರಿ ಮತ್ತೆ ಬೇರೆ ಮಾಡಬೇಡಿ.